ಆ ಪಟ್ಟಿಯಲ್ಲಿ ಯಾರ ಬೆರಳಿತ್ತು?

ಕೋವಿಡ್‌ನ ಎರಡನೇ ಅಲೆ ಎದ್ದಿದ್ದ 2021ರ ಏಪ್ರಿಲ್-ಮೇ ತಿಂಗಳಲ್ಲಿ ಕರ್ನಾಟಕದ ಮನೆಮನೆಗೂ ಒಂದು ಸಂಖ್ಯೆ ಬಾಯಿಪಾಠವಾಗಿತ್ತು: 94. ಫೋನ್ ಎತ್ತಿದ ಕೂಡಲೇ ಬಂಧುಗಳು ಕೇಳುತ್ತಿದ್ದುದು ಜ್ವರದ ಬಗ್ಗೆ ಅಲ್ಲ, "ಸ್ಯಾಚುರೇಶನ್ ಎಷ್ಟು ತೋರಿಸ್ತಿದೆ?" ಅಂತ. ಸ್ಯಾಚುರೇಶನ್ ಎಂದರೆ ರಕ್ತದಲ್ಲಿರುವ ಆಮ್ಲಜನಕದ ಶೇಕಡಾವಾರು ಮಟ್ಟ. ಆಶಾ ಕಾರ್ಯಕರ್ತೆಯರು ಚೀಲದಲ್ಲಿ ಅದನ್ನು ಬೆರಳಿಗೆ ಸಿಕ್ಕಿಸಿ ಅಳೆಯುವ ಆಕ್ಸಿಮೀಟರ್ ಇಟ್ಟುಕೊಂಡು ಓಣಿ ಓಣಿ ಸುತ್ತಿದರು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ರೋಗಿಗಳನ್ನು ವಿಂಗಡಿಸಿದ್ದೂ ಉಸಿರಾಟದ ವೇಗದ ಜೊತೆಗೆ ಇದೇ ಸಂಖ್ಯೆಯ ಆಧಾರದಲ್ಲಿ. ಏದುಸಿರಿಲ್ಲದೆ 94ರ ಮೇಲಿದ್ದವರಿಗೆ ಮನೆಯಲ್ಲೇ ಆರೈಕೆ. 90ರಿಂದ 93ರೊಳಗಿದ್ದವರಿಗೆ ಆಸ್ಪತ್ರೆಯ ವಾರ್ಡು. 90ಕ್ಕಿಂತ ಕೆಳಗಿಳಿದವರಿಗೆ ಐಸಿಯು. ಹಾಸಿಗೆಗಳಿಗೆ ಬರ ಬಂದಿದ್ದ ಆ ದಿನಗಳಲ್ಲಿ ಒಂದೆರಡು ಅಂಕಿಯ ವ್ಯತ್ಯಾಸವೇ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ನಿರ್ಧರಿಸುತ್ತಿತ್ತು.

ನಮ್ಮ ಚಿಕ್ಕಪ್ಪ ಆಗ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ಮಾತ್ರ 95 ಎನ್ನುತ್ತಿತ್ತು. ನಾವು ಚಿಕ್ಕಪ್ಪನ ಮುಖ ನೋಡುವುದು ಬಿಟ್ಟು ಕ್ಲಿಪ್ಪನ್ನು ನೋಡುತ್ತಾ ಒಂದು ರಾತ್ರಿ ಕಳೆದೆವು. ಮರುದಿನ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ನೋಡಿದಾಗ ಆಮ್ಲಜನಕ ಅದಕ್ಕಿಂತ ಬಹಳ ಕೆಳಗಿತ್ತು. ಅವರು ಉಳಿದುಕೊಂಡರು. ತಣ್ಣಗಿದ್ದ ಬೆರಳು, ಅಗ್ಗದ ಯಂತ್ರ, ಮೈಬಣ್ಣ, ಹೀಗೆ ಕಾರಣ ಯಾವುದೂ ಆಗಿರಬಹುದು. ಆದರೆ ಮೈಬಣ್ಣವೂ ಒಂದು ಕಾರಣವಾಗಬಲ್ಲದು ಎಂಬುದನ್ನು ನಮಗಾರೂ ಹೇಳಿರಲಿಲ್ಲ. ಆ ವಿಷಯ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿ ಆಗಲೇ 30 ವರ್ಷ ಕಳೆದಿತ್ತು.

ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯಬೇಕು, ಏಕೆಂದರೆ ತಪ್ಪು ಹುಟ್ಟುವುದು ಅಲ್ಲೇ. ಪಲ್ಸ್ ಆಕ್ಸಿಮೀಟರ್ ಒಳಗೆ ಎರಡು ಪುಟ್ಟ ದೀಪಗಳಿವೆ. ಒಂದು ಕೆಂಪು ಬೆಳಕು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಎರಡೂ ಬೆರಳನ್ನು ಹಾಯ್ದು ಆಚೆ ಬದಿಯ ಸೆನ್ಸರ್ ಮೇಲೆ ಬೀಳುತ್ತವೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಳೆದುಕೊಂಡದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ಆದರೆ ಬೆರಳಿನಲ್ಲಿ ರಕ್ತವೊಂದೇ ಇಲ್ಲವಲ್ಲ. ಚರ್ಮ, ಕೊಬ್ಬು, ಮೂಳೆ, ಉಗುರು ಎಲ್ಲವೂ ಬೆಳಕನ್ನು ತಡೆಯುತ್ತವೆ. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ಟಕುವೊ ಅಯೋಯಾಗಿ ಅವರಿಗೆ ಇದಕ್ಕೊಂದು ಉಪಾಯ ಹೊಳೆಯಿತು. ಅಪಧಮನಿಯ ರಕ್ತ ಮಾತ್ರ ನಾಡಿಯ ಜೊತೆ ಮಿಡಿಯುತ್ತದೆ, ಉಳಿದದ್ದೆಲ್ಲ ಸುಮ್ಮನಿರುತ್ತದೆ. ಮಿಡಿಯುವ ಭಾಗವನ್ನಷ್ಟೇ ಎಣಿಸಿ ಉಳಿದದ್ದನ್ನು ಕಳೆದುಬಿಟ್ಟರಾಯಿತು. ಅದ್ಭುತವಾದ ಹೊಳಹು ಅದು. ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಗಳನ್ನು ಈ ಯಂತ್ರ ಎಷ್ಟು ಸುರಕ್ಷಿತಗೊಳಿಸಿತೆಂದರೆ ಇಂದು ಅದಿಲ್ಲದ ಆಪರೇಷನ್ ಥಿಯೇಟರ್ ಊಹಿಸುವುದೂ ಕಷ್ಟ. ಜಗತ್ತೆಲ್ಲ ಈ ಯಂತ್ರಕ್ಕಾಗಿ ಹುಡುಕಾಡುತ್ತಿದ್ದ 2020ರ ಏಪ್ರಿಲ್‌ನಲ್ಲೇ ಅಯೋಯಾಗಿ ತೀರಿಕೊಂಡರು.

ಆ ಲೆಕ್ಕದ ಪ್ರಕಾರ ಮೈಬಣ್ಣವೂ ಕಳೆದುಹೋಗಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮಿಡಿಯುವುದಿಲ್ಲ. ಪುಸ್ತಕದ ಲೆಕ್ಕ ಸರಿ, ಬೆರಳಿನ ಲೆಕ್ಕ ಬೇರೆ. ದೀಪದ ಬೆಳಕು ಒಂದೇ ಶುದ್ಧ ಬಣ್ಣದ್ದಲ್ಲ, ಅದಕ್ಕೊಂದು ಹರವಿದೆ. ಮೆಲನಿನ್ ಆ ಹರವಿನಲ್ಲಿ ಒಂದು ಬದಿಯನ್ನು ಹೆಚ್ಚು, ಇನ್ನೊಂದು ಬದಿಯನ್ನು ಕಡಿಮೆ ಹೀರುತ್ತದೆ; ಕೆಂಪನ್ನು ಇನ್‌ಫ್ರಾರೆಡ್‌ಗಿಂತ ಹೆಚ್ಚು ಹೀರುತ್ತದೆ. ರಕ್ತಸಂಚಾರ ಸೊರಗಿದ ರೋಗಿಯ ಬೆರಳಿನಲ್ಲಿ ಮಿಡಿತವೇ ಕ್ಷೀಣವಾಗಿರುವಾಗ ಈ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಇಷ್ಟಾದ ಮೇಲೂ ಯಂತ್ರದ ಕೈಯಲ್ಲಿರುವುದು ಎರಡು ಬೆಳಕುಗಳ ಅನುಪಾತ ಮಾತ್ರ, ಆಮ್ಲಜನಕದ ಪ್ರಮಾಣವಲ್ಲ. ಅನುಪಾತವನ್ನು ಶೇಕಡಾವಾರಿಗೆ ತಿರುಗಿಸಲು ಯಂತ್ರ ತನ್ನೊಳಗಿನ ಒಂದು ಪಟ್ಟಿಯನ್ನು ನೋಡುತ್ತದೆ. ಆ ಪಟ್ಟಿ ತಯಾರಾಗುವುದು ಹೀಗೆ: ಆರೋಗ್ಯವಂತ ಸ್ವಯಂಸೇವಕರನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ಮುಖವಾಡದ ಮೂಲಕ ಕೊಡುವ ಆಮ್ಲಜನಕವನ್ನು ಮೆಲ್ಲಮೆಲ್ಲಗೆ ಇಳಿಸುತ್ತಾರೆ. ಪ್ರತಿ ಹಂತದಲ್ಲೂ ಅಪಧಮನಿಯಿಂದ ರಕ್ತ ತೆಗೆದು ನಿಜವಾದ ಪ್ರಮಾಣವನ್ನು ಅಳೆಯುತ್ತಾರೆ. ಆ ಹೊತ್ತಿಗೆ ಬೆರಳಿನಲ್ಲಿ ಕಂಡ ಅನುಪಾತ ಇಷ್ಟು, ರಕ್ತದಲ್ಲಿದ್ದ ಆಮ್ಲಜನಕ ಇಷ್ಟು ಎಂದು ಬರೆದುಕೊಳ್ಳುತ್ತಾರೆ. ಯಂತ್ರಕ್ಕೆ ಗೊತ್ತಿರುವುದು ಇದೇ. ನಮ್ಮ ಬೆರಳು ಸಿಕ್ಕಿಸಿದಾಗ ಅದು ಹೇಳುವುದು, "ಅಂದು ಆ ಜನರಲ್ಲಿ ಇಂಥ ಅನುಪಾತ ಕಂಡಾಗ ಆಮ್ಲಜನಕ 95 ಇತ್ತು, ಹಾಗಾಗಿ ಇವರದೂ 95" ಎಂದು. ಅಂದು ಮಲಗಿದ್ದವರಲ್ಲಿ ಹೆಚ್ಚಿನವರು ತಿಳಿಬಣ್ಣದವರು.

2020ರ ಡಿಸೆಂಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಚಿಕ್ಕ ಪತ್ರ ಪ್ರಕಟಿಸಿದರು. ತಮ್ಮ ಆಸ್ಪತ್ರೆಯ ರೋಗಿಗಳಲ್ಲಿ ಕ್ಲಿಪ್ಪು ತೋರಿಸಿದ ಸಂಖ್ಯೆಯನ್ನೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ರಕ್ತ ತೆಗೆದು ಕಂಡುಕೊಂಡ ಸಂಖ್ಯೆಯನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದ್ದರು. ಕ್ಲಿಪ್ಪು 92ರಿಂದ 96 ಎಂದಾಗ, ಅಂದರೆ ಗಾಬರಿಯಿಲ್ಲ ಎಂದಾಗ, ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳೆಷ್ಟು? ಬಿಳಿಯರಲ್ಲಿ ಶೇ 3.6, ಕಪ್ಪುವರ್ಣೀಯರಲ್ಲಿ ಶೇ 11.7. ಹಲವು ಆಸ್ಪತ್ರೆಗಳ ಹಳೆಯ ದಾಖಲೆ ತೆಗೆದು ನೋಡಿದಾಗ ಶೇ 6.2 ಮತ್ತು ಶೇ 17. ಎರಡೂ ಕಡೆ ಸುಮಾರು ಮೂರು ಪಟ್ಟು.

ತಪ್ಪು ಯಾವ ದಿಕ್ಕಿನದು ಎಂಬುದನ್ನು ಇಲ್ಲಿ ಗಮನಿಸಬೇಕು. ಯಂತ್ರ ಕಡಿಮೆ ತೋರಿಸಿದ್ದರೆ ಹೆಚ್ಚೆಂದರೆ ಬೇಡದ ಆಕ್ಸಿಜನ್ ಕೊಟ್ಟಿರುತ್ತಿದ್ದರು. ಇದು ಹೆಚ್ಚು ತೋರಿಸುತ್ತದೆ. ಉಸಿರು ಕಟ್ಟುತ್ತಿರುವವರನ್ನು ನೋಡಿ ಚೆನ್ನಾಗಿದ್ದೀರಿ ಎನ್ನುತ್ತದೆ. ಕೋವಿಡ್ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಮುಂದಿನ ಅಧ್ಯಯನಗಳು ಇದರ ಪರಿಣಾಮವನ್ನು ದಾಖಲಿಸಿದವು: ಕಪ್ಪುವರ್ಣೀಯರು ಮತ್ತು ಹಿಸ್ಪಾನಿಕ್ ಜನ ಚಿಕಿತ್ಸೆಗೆ ಅರ್ಹರೆಂದು ಗುರುತಾಗುವುದೇ ತಡವಾಗುತ್ತಿತ್ತು, ಕೆಲವರು ಗುರುತಾಗಲೇ ಇಲ್ಲ. ಏಷ್ಯಾ ಮೂಲದವರಲ್ಲೂ ಯಂತ್ರ ಹೆಚ್ಚು ತೋರಿಸಿದ್ದು ಆ ಅಧ್ಯಯನಗಳಲ್ಲಿ ಕಂಡುಬಂತು. ನಮ್ಮ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿನ ಆಸ್ಪತ್ರೆಯ ದಾಖಲೆಯಲ್ಲಿ ಅವರು ಸೇರುವ ಕಾಲಂ ಅದೇ.

ಹಾಗಾದರೆ ಇದು 2020ರ ಹೊಸ ಪತ್ತೆಯೇ? ಅಲ್ಲ, ನನ್ನನ್ನು ಕಾಡುವುದೂ ಇದೇ. 1990ರಲ್ಲೇ ಅಮಲ್ ಜುಬ್ರಾನ್ ಮತ್ತು ಮಾರ್ಟಿನ್ ಟೋಬಿನ್ ಎಂಬ ವೈದ್ಯರು ವೆಂಟಿಲೇಟರ್ ಮೇಲಿದ್ದ ರೋಗಿಗಳನ್ನು ಅಭ್ಯಸಿಸಿ, ಬಿಳಿಯರಲ್ಲಿ ಕ್ಲಿಪ್ಪು 92 ತೋರಿಸಿದರೆ ಸಾಕು, ಕಪ್ಪುವರ್ಣೀಯರಲ್ಲಿ ಅಷ್ಟೇ ಭರವಸೆ ಬೇಕಾದರೆ 95 ತೋರಿಸಬೇಕು ಎಂದು ಬರೆದಿದ್ದರು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯ ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಪರೀಕ್ಷಿಸಿ, ಆಮ್ಲಜನಕ ಇಳಿಯುತ್ತಾ ಹೋದಂತೆ ಕಪ್ಪು ಮೈಬಣ್ಣದವರಲ್ಲಿ ತಪ್ಪು ಬೆಳೆಯುತ್ತಾ ಹೋಗುತ್ತದೆ ಎಂದು ತೋರಿಸಿತು. ಇವು ಗುಟ್ಟಿನ ಕಡತಗಳಲ್ಲ, ವೈದ್ಯರೂ ತಯಾರಕರೂ ಓದುವ ಪತ್ರಿಕೆಗಳಲ್ಲಿ ಬಂದ ಲೇಖನಗಳು. ಅದಕ್ಕೂ ಹಿಂದೆ, 1970ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಕಿವಿಗೆ ಸಿಕ್ಕಿಸುವ ಆಕ್ಸಿಮೀಟರ್ ಮಾಡಿತ್ತು. ಅದರಲ್ಲಿದ್ದುದು ಎರಡಲ್ಲ, ಎಂಟು ತರಂಗಾಂತರಗಳ ಬೆಳಕು. ಯಂತ್ರ ದೊಡ್ಡದು, ದುಬಾರಿ. ಮಾರುಕಟ್ಟೆ ಗೆದ್ದದ್ದು ಎರಡು ದೀಪದ ಅಗ್ಗದ ಕ್ಲಿಪ್ಪು. ಅಗ್ಗವಾದದ್ದರಿಂದಲೇ ಅದು ನಮ್ಮ ಹಳ್ಳಿಗಳಿಗೂ ತಲುಪಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಗ್ಗದ ಯಂತ್ರದ ಪಟ್ಟಿಯನ್ನು ಎಲ್ಲ ಬಣ್ಣದವರನ್ನೂ ಕರೆದು ತಯಾರಿಸಲು ಬೇಕಿದ್ದುದು ಹೊಸ ವಿಜ್ಞಾನವಲ್ಲ, ಒಂದಿಷ್ಟು ಹೆಚ್ಚಿನ ಸ್ವಯಂಸೇವಕರು.

ಎಷ್ಟು ಹೆಚ್ಚಿನವರು? ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ (ಎಫ್‌ಡಿಎ) 2013ರ ಮಾರ್ಗಸೂಚಿಯನ್ನು ನೋಡಿ. ಹೊಸ ಆಕ್ಸಿಮೀಟರ್‌ಗೆ ಅನುಮತಿ ಬೇಕಾದರೆ ಕನಿಷ್ಠ 10 ಮಂದಿ ಆರೋಗ್ಯವಂತರ ಮೇಲೆ ಪರೀಕ್ಷಿಸಬೇಕು. ಅವರಲ್ಲಿ ಕನಿಷ್ಠ 2 ಮಂದಿ ಅಥವಾ ಶೇ 15ರಷ್ಟು, ಯಾವುದು ಹೆಚ್ಚೋ ಅಷ್ಟು ಜನ "ಗಾಢ ಮೈಬಣ್ಣ"ದವರಿರಬೇಕು. ಗಾಢ ಎಂದರೆ ಎಷ್ಟು ಗಾಢ ಎಂಬುದಕ್ಕೆ ಅಲ್ಲಿ ವ್ಯಾಖ್ಯೆ ಇರಲಿಲ್ಲ. ಜೊತೆಗೆ ತಪ್ಪನ್ನು ಎಣಿಸುತ್ತಿದ್ದುದು ಎಲ್ಲರನ್ನೂ ಸೇರಿಸಿ. ಎಂಟು ಮಂದಿಯಲ್ಲಿ ಚೆನ್ನಾಗಿ ಕೆಲಸ ಮಾಡಿ ಇಬ್ಬರಲ್ಲಿ ಎಡವಿದ ಯಂತ್ರದ ಒಟ್ಟು ಅಂಕ ಚೆನ್ನಾಗಿಯೇ ಬರುತ್ತದೆ. ಸರಾಸರಿಯೊಳಗೆ ಆ ಇಬ್ಬರ ಬೆರಳು ಕಾಣೆಯಾಗುತ್ತದೆ. ನಿಯಮ ಪಾಲಿಸಿದ್ದೇವೆ ಎಂದು ತಯಾರಕರು ಹೇಳುವುದು ಸುಳ್ಳಲ್ಲ. ಆದರೆ 1990ರಿಂದ ಗೊತ್ತಿದ್ದ ದೋಷವನ್ನು ಹಿಡಿಯಲಾರದ ನಿಯಮದ ಹಿಂದೆ ನಿಲ್ಲುವುದನ್ನು ಹೊಣೆಗಾರಿಕೆ ಎನ್ನಲಾಗದು. ಕೆಲವು ತಯಾರಕರು ತಮ್ಮ ಯಂತ್ರದಲ್ಲಿ ಇಂಥ ವ್ಯತ್ಯಾಸ ನಗಣ್ಯವೆಂದು ಪ್ರಯೋಗಾಲಯದ ಅಂಕಿಅಂಶ ಮುಂದಿಟ್ಟಿದ್ದಾರೆ, ಅದನ್ನು ತಳ್ಳಿಹಾಕಬೇಕಿಲ್ಲ. ಆದರೆ ಪ್ರಯೋಗಾಲಯದಲ್ಲಿ ಮಲಗುವವರು ಬೆಚ್ಚಗಿನ ಕೈಯ ಆರೋಗ್ಯವಂತರು. ಐಸಿಯುನಲ್ಲಿ ಮಲಗಿರುವವರ ಬೆರಳು ಹಾಗಿರುವುದಿಲ್ಲ.

ಬಣ್ಣವನ್ನು ಅಳೆಯುವ ಅಳತೆಗೋಲಿಗೂ ಇದೇ ಕಥೆ. ಜಗತ್ತಿನ ಚರ್ಮವೈದ್ಯರು ಬಳಸುವ ಫಿಟ್ಜ್‌ಪ್ಯಾಟ್ರಿಕ್ ಮಾಪಕ 1975ರಲ್ಲಿ ಹುಟ್ಟಿದ್ದು ಬಿಸಿಲಿಗೆ ಚರ್ಮ ಎಷ್ಟು ಸುಡುತ್ತದೆ ಎಂದು ತಿಳಿಯಲು. ಮೊದಲು ಅದರಲ್ಲಿದ್ದುದು ಬಿಳಿ ಚರ್ಮದ ನಾಲ್ಕು ಬಗೆಗಳು ಮಾತ್ರ. ಕಂದು ಮತ್ತು ಕಪ್ಪು ಆಮೇಲೆ ಸೇರಿದವು, ಒಂದೊಂದೇ ಮೆಟ್ಟಿಲಾಗಿ. ಎಣ್ಣೆಗೆಂಪು, ಗೋಧಿಬಣ್ಣ, ಸಾದಗಪ್ಪು, ಎಣ್ಣೆಗಪ್ಪು ಎಂದು ಒಂದೇ ಮನೆಯ ನಾಲ್ಕು ಮಕ್ಕಳನ್ನು ನಾಲ್ಕು ಹೆಸರಿನಿಂದ ಗುರುತಿಸುವ ನಮ್ಮಂಥವರಿಗೆ ಆ ಎರಡು ಮೆಟ್ಟಿಲು ಎಲ್ಲಿ ಸಾಕು? ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿದ ಹತ್ತು ಛಾಯೆಗಳ ಮಾಪಕವನ್ನು ಗೂಗಲ್ 2022ರಲ್ಲಿ ಬಳಕೆಗೆ ತಂದಿತು. ಇದು ಚಿಕ್ಕ ವಿಷಯವೆಂದು ನನಗನಿಸುವುದಿಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಜನಾಂಗದ ಹೆಸರಿರುತ್ತದೆ, ಮೈಬಣ್ಣ ಇರುವುದಿಲ್ಲ. ಮಿಶಿಗನ್ ಅಧ್ಯಯನವೂ ನಡೆದದ್ದು ಜನಾಂಗದ ಕಾಲಂ ನೋಡಿಯೇ. ಬೆಳಕಿಗೆ ಜನಾಂಗ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಮೆಲನಿನ್. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿರುವ ಆಫ್ರಿಕಾ ಮೂಲದ ನಮ್ಮ ಸಿದ್ದಿಗಳ ಬೆರಳಿಗೂ, ಬಿಸಿಲಲ್ಲಿ ದುಡಿಯುವ ರಾಯಚೂರಿನ ರೈತನ ಬೆರಳಿಗೂ ಸಿಕ್ಕಿಸುವುದು ಅದೇ ಕ್ಲಿಪ್ಪು.

ಆಕ್ಸಿಮೀಟರ್ ಒಂಟಿ ಪ್ರಕರಣವಾಗಿದ್ದರೆ ಇದನ್ನು ಒಂದು ಯಂತ್ರದ ದೋಷವೆಂದು ಬಿಡಬಹುದಿತ್ತು. ಕೊಡಾಕ್ ಕಂಪನಿ ದಶಕಗಳ ಕಾಲ ಬಣ್ಣದ ಫೋಟೊ ಮುದ್ರಣವನ್ನು ಸರಿಹೊಂದಿಸುತ್ತಿದ್ದುದು ಬಿಳಿ ಮಹಿಳೆಯೊಬ್ಬರ ಚಿತ್ರವಿದ್ದ ಕಾರ್ಡು ನೋಡಿ. 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮೂರು ಕಂಪನಿಗಳ ಮುಖ ವಿಶ್ಲೇಷಣೆ ತಂತ್ರಾಂಶವನ್ನು ಪರೀಕ್ಷಿಸಿದಾಗ, ಗಂಡೋ ಹೆಣ್ಣೋ ಹೇಳುವುದರಲ್ಲಿ ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ 0.8ನ್ನು ಮೀರಲಿಲ್ಲ, ಗಾಢಬಣ್ಣದ ಹೆಂಗಸರ ವಿಷಯದಲ್ಲಿ ಶೇ 34.7ರವರೆಗೂ ಹೋಯಿತು. 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ಇಂಥದ್ದೇ ಒಂದು ತಂತ್ರಾಂಶದ ಮಾತು ನಂಬಿ ರಾಬರ್ಟ್ ವಿಲಿಯಮ್ಸ್ ಎಂಬ ಕಪ್ಪುವರ್ಣೀಯರನ್ನು ಅವರ ಮನೆಯಂಗಳದಲ್ಲಿ, ಹೆಂಡತಿ ಮಕ್ಕಳ ಕಣ್ಣೆದುರೇ ಬಂಧಿಸಿದರು. ಅವರು ಮಾಡದ ಕಳ್ಳತನ ಅದು.

ಇವುಗಳಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2019ರಲ್ಲಿ ಕಂಡುಕೊಂಡ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯ. ಅದು 189 ಮುಖ ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಹಲವು, ಒಬ್ಬರ ಮುಖವನ್ನು ಇನ್ನೊಬ್ಬರದೆಂದು ತಪ್ಪಾಗಿ ಹೊಂದಿಸುವುದು ಏಷ್ಯನ್ನರು ಮತ್ತು ಆಫ್ರಿಕನ್ ಅಮೆರಿಕನ್ನರಲ್ಲಿ ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚು. ಆದರೆ ಏಷ್ಯಾದ ದೇಶಗಳಲ್ಲಿ ತಯಾರಾದ ಕೆಲವು ತಂತ್ರಾಂಶಗಳಲ್ಲಿ ಬಿಳಿಯರಿಗೂ ಏಷ್ಯನ್ನರಿಗೂ ನಡುವೆ ಅಂಥ ಅಂತರ ಕಾಣಲಿಲ್ಲ. ಕಪ್ಪು ಮುಖವನ್ನು ಗುರುತಿಸುವುದು ಬೆಳಕಿಗೆ ಕಷ್ಟ, ಇದು ಪ್ರಕೃತಿಯ ಮಿತಿ ಎಂಬ ವಾದ ಇಲ್ಲಿ ಸಡಿಲಾಗುತ್ತದೆ. ಯಾವ ಮುಖಗಳನ್ನು ತೋರಿಸಿ ಕಲಿಸಿದ್ದರೋ ಆ ಮುಖಗಳನ್ನು ಯಂತ್ರ ಕಲಿತಿದೆ.

ಎಲ್ಲ ಕಡೆಯೂ ಬೆಳಕು, ಕ್ಯಾಮೆರಾಗಳೇ ಕಾರಣವಲ್ಲ. ಅಮೆರಿಕದ ಆಸ್ಪತ್ರೆಗಳು ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ತಿಳಿಯಲು ಬಳಸುತ್ತಿದ್ದ ಒಂದು ತಂತ್ರಾಂಶವನ್ನು 2019ರಲ್ಲಿ ಸಂಶೋಧಕರು ಬಿಚ್ಚಿ ನೋಡಿದರು. ಅದಕ್ಕೆ ರೋಗಿಯ ಜನಾಂಗವನ್ನು ಹೇಳಿಯೇ ಇರಲಿಲ್ಲ. ಯಾರು ಹೆಚ್ಚು ಕಾಯಿಲೆಯವರು ಎಂದು ತಿಳಿಯಲು ಅದು ಯಾರ ಮೇಲೆ ಹೆಚ್ಚು ಹಣ ಖರ್ಚಾಗಲಿದೆ ಎಂದು ಲೆಕ್ಕ ಹಾಕುತ್ತಿತ್ತು. ಆದರೆ ಅದೇ ಕಾಯಿಲೆಗೆ ಕಪ್ಪುವರ್ಣೀಯರ ಮೇಲೆ ಆ ದೇಶ ಖರ್ಚು ಮಾಡುತ್ತಿದ್ದುದೇ ಕಡಿಮೆ. ಹೀಗಾಗಿ ಚಿಕಿತ್ಸೆ ಸಿಗದವರೆಲ್ಲ ತಂತ್ರಾಂಶದ ಕಣ್ಣಿಗೆ ಆರೋಗ್ಯವಂತರಾದರು. ಈ ತಪ್ಪನ್ನು ತಿದ್ದಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪುವರ್ಣೀಯರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತಿತ್ತು. ಜಾತಿಯ ಹೆಸರು ಕೇಳದೆಯೇ ಪಿನ್‌ಕೋಡು, ಮನೆತನದ ಹೆಸರು, ಓದಿದ ಶಾಲೆ ನೋಡಿ ಎಲ್ಲವನ್ನೂ ಅರಿಯಬಲ್ಲ ಸಮಾಜದಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಿದ್ದುವುದು ಹೇಗೆ ಎಂಬಲ್ಲಿ ಒಂದು ಅಪಾಯದ ದಾರಿಯೂ ಇದೆ. ಯಂತ್ರಕ್ಕೆ "ಕಪ್ಪುವರ್ಣೀಯರು" ಎಂಬ ಗುಂಡಿ ಇಟ್ಟು ಸಂಖ್ಯೆಯನ್ನು ಮೂರು ಅಂಕ ಇಳಿಸಿಬಿಟ್ಟರೆ? ಇದನ್ನು ಮೂತ್ರಪಿಂಡದ ವಿಷಯದಲ್ಲಿ ಮಾಡಿ ನೋಡಿಯಾಗಿದೆ. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ರಕ್ತಪರೀಕ್ಷೆಯಿಂದ ಅಂದಾಜಿಸುವ ಸೂತ್ರದಲ್ಲಿ ಕಪ್ಪುವರ್ಣೀಯರಾದರೆ ಫಲಿತಾಂಶವನ್ನು 1.159ರಿಂದ ಗುಣಿಸುತ್ತಿದ್ದರು. ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿದೆ ಎಂದು ಕಾಗದದ ಮೇಲೆ ಬರುತ್ತಿತ್ತು; ಕಸಿಯ ಸರದಿಗೆ ಹೆಸರು ಸೇರುವುದು ತಡವಾಗುತ್ತಿತ್ತು. 2021ರಲ್ಲಿ ಅಮೆರಿಕದ ಮೂತ್ರಪಿಂಡ ತಜ್ಞರ ಸಂಘಟನೆಗಳು ಜನಾಂಗದ ಗುಣಕವಿಲ್ಲದ ಹೊಸ ಸೂತ್ರವನ್ನು ಒಪ್ಪಿದವು. ಅಲ್ಲಿಗೇ ನಿಲ್ಲಿಸದೆ, 2023ರಿಂದ ಅಂಗಾಂಗ ಕಸಿ ಜಾಲವು ಹಳೆಯ ಸೂತ್ರದಿಂದ ತಡವಾದ ಕಪ್ಪುವರ್ಣೀಯ ರೋಗಿಗಳ ಕಾಯುವ ಅವಧಿಯನ್ನು ಹಿಂದಿನಿಂದಲೇ ಲೆಕ್ಕ ಹಾಕುವಂತೆ ಆಸ್ಪತ್ರೆಗಳಿಗೆ ಹೇಳಿತು. ಸಾವಿರಾರು ಜನರಿಗೆ ಕಳೆದುಹೋದ ಸಮಯ ಸರದಿಯಲ್ಲಿ ಮರಳಿ ಸಿಕ್ಕಿತು. ತಪ್ಪು ಮಾಡಿದ ವ್ಯವಸ್ಥೆಯೇ ತನ್ನ ಹಳೆಯ ಕಡತ ತೆಗೆದು, ಯಾರಿಗೆ ಎಷ್ಟು ನಷ್ಟವಾಯಿತೆಂದು ಎಣಿಸಿ, ಅದನ್ನು ತುಂಬಿಕೊಟ್ಟ ಇಂಥ ಉದಾಹರಣೆ ಈ ಇಡೀ ಚರಿತ್ರೆಯಲ್ಲಿ ನನಗೆ ಸಿಕ್ಕಿರುವುದು ಕಡಿಮೆ. ಉದ್ಯಮದ ಹೊಣೆ ಎಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಇದು. ವೈವಿಧ್ಯದ ಬಗ್ಗೆ ವೆಬ್‌ಸೈಟಿನಲ್ಲಿ ಹಾಕುವ ಹೇಳಿಕೆಯಲ್ಲ.

ಆಕ್ಸಿಮೀಟರ್ ವಿಷಯದಲ್ಲಿ ಅಲ್ಲಿಯವರೆಗೆ ಯಾರೂ ಹೋಗಿಲ್ಲ. ಎಫ್‌ಡಿಎ 2021ರ ಫೆಬ್ರುವರಿಯಲ್ಲಿ ಎಚ್ಚರಿಕೆ ನೀಡಿತು. ಬ್ರಿಟನ್ ಸರ್ಕಾರ ನೇಮಿಸಿದ್ದ ಮಾರ್ಗರೆಟ್ ವೈಟ್‌ಹೆಡ್ ನೇತೃತ್ವದ ಸಮಿತಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಸಮುದಾಯ ಆರೋಗ್ಯ ಕೇಂದ್ರವೊಂದು 2023ರಲ್ಲಿ ತಯಾರಕರು ಮತ್ತು ಮಾರಾಟಗಾರರ ಮೇಲೆ ದಾವೆ ಹೂಡಿತು. 2025ರ ಜನವರಿಯಲ್ಲಿ ಎಫ್‌ಡಿಎ ಹೊಸ ಕರಡು ಮಾರ್ಗಸೂಚಿ ಹೊರಡಿಸಿ, 10 ಮಂದಿಯ ಜಾಗದಲ್ಲಿ 150 ಮಂದಿಯ ಮೇಲೆ, ಮಾಂಕ್ ಮಾಪಕದ ತಿಳಿ, ನಡು, ಗಾಢ ಛಾಯೆಗಳೆಲ್ಲ ಸೇರುವಂತೆ ಪರೀಕ್ಷಿಸಬೇಕೆಂದು ಸೂಚಿಸಿತು. 1990ರ ಆ ಲೇಖನದಿಂದ ಈ ಕರಡಿಗೆ ಬರಲು 35 ವರ್ಷ ಹಿಡಿಯಿತು.

ನಮ್ಮಲ್ಲಿ? 2021ರ ಜುಲೈನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು ಆಕ್ಸಿಮೀಟರ್ ಸೇರಿದಂತೆ ಐದು ಉಪಕರಣಗಳ ಮಾರಾಟದ ಲಾಭಾಂಶಕ್ಕೆ ಶೇ 70ರ ಮಿತಿ ಹೇರಿತು. ಒಳ್ಳೆಯ ಕೆಲಸವೇ, ಆ ದಿನಗಳ ಬೆಲೆ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಬೆಲೆಯ ಬಗ್ಗೆ ತೋರಿದ ಆ ಅವಸರ ನಿಖರತೆಯ ಬಗ್ಗೆಯೂ ಬೇಕು. ಕಿರಾಣಿ ಅಂಗಡಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕೆಂದು ಕೇಳುವ ನಾವು ಉಸಿರು ತೂಗುವ ಯಂತ್ರಕ್ಕೆ ಅಷ್ಟಾದರೂ ಕೇಳಬೇಡವೇ? ಅದರ ತಪ್ಪನ್ನು ಮೈಬಣ್ಣದ ಪ್ರಕಾರ ಬಿಡಿಬಿಡಿಯಾಗಿ ಪ್ರಕಟಿಸಬೇಕು, ಭಾರತದಲ್ಲಿ ಮಾರುವ ಯಂತ್ರವನ್ನು ಭಾರತೀಯರ ಬೆರಳಿನ ಮೇಲೆ ಪರೀಕ್ಷಿಸಬೇಕು. ಜಗತ್ತಿನ ದೊಡ್ಡ ವೈದ್ಯಕೀಯ ಉಪಕರಣ ಕಂಪನಿಗಳ ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲಿವೆ. ಈ ಯಂತ್ರಗಳ ತಂತ್ರಾಂಶ ಬರೆಯುವ, ಪರೀಕ್ಷೆಯ ವಿನ್ಯಾಸ ಮಾಡುವ ಮೇಜುಗಳಲ್ಲಿ ನಮ್ಮವರೂ ಕೂತಿದ್ದಾರೆ. ಸ್ವಯಂಸೇವಕರ ಪಟ್ಟಿ ಮುಂದೆ ಬಂದಾಗ ಇದರಲ್ಲಿ ಯಾರ್ಯಾರಿದ್ದಾರೆ ಎಂದು ಕೇಳುವ ಅಧಿಕಾರ ಅವರಿಗಿದೆ. ಆ ಪ್ರಶ್ನೆ ಕೇಳಲು ವಿದೇಶದ ಮಾರ್ಗಸೂಚಿ ಅಂತಿಮವಾಗುವವರೆಗೂ ಕಾಯಬೇಕಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಕ್ಲಿಪ್ಪು ಬಳಸುವವರು ಒಂದು ಸಲದ ಸಂಖ್ಯೆಗಿಂತ ಅದು ಬೆಳಿಗ್ಗೆಯಿಂದ ಸಂಜೆಗೆ ಹೇಗೆ ಬದಲಾಗುತ್ತಿದೆ ಎಂದು ನೋಡುವುದು ಮೇಲು. ಆರೋಗ್ಯವಾಗಿದ್ದಾಗ ತಮ್ಮ ಬೆರಳಿಗೆ ಅದು ಎಷ್ಟು ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ. ಕೈ ಬೆಚ್ಚಗಿರಲಿ, ಉಗುರಿನ ಬಣ್ಣ ತೆಗೆಯಿರಿ. ಏದುಸಿರು ಬರುತ್ತಿದ್ದರೆ, ತುಟಿ ನೀಲಿಗಟ್ಟುತ್ತಿದ್ದರೆ ಕ್ಲಿಪ್ಪು 97 ಎಂದರೂ ಹೊರಡಿ. ಎಫ್‌ಡಿಎ ತಾನೇ ಹೇಳುವಂತೆ, ಅನುಮತಿ ಪಡೆದ ಯಂತ್ರ 90 ತೋರಿಸಿದರೂ ನಿಜವಾದದ್ದು 86ರಿಂದ 94ರ ನಡುವೆ ಎಲ್ಲಾದರೂ ಇರಬಹುದು. ಆಸ್ಪತ್ರೆಯಲ್ಲಿ ಅನುಮಾನ ಬಂದರೆ ಎಬಿಜಿ (ಅಪಧಮನಿಯ ರಕ್ತ ತೆಗೆದು ಮಾಡುವ ಪರೀಕ್ಷೆ) ಮಾಡಿಸುತ್ತೀರಾ ಡಾಕ್ಟ್ರೇ ಎಂದು ಕೇಳಲು ಸಂಕೋಚ ಬೇಡ.

ಚಿಕ್ಕಪ್ಪನ ಬೆರಳಿಗೆ ಹಾಕಿದ್ದ ಕ್ಲಿಪ್ಪು ಇನ್ನೂ ನಮ್ಮ ಮೇಜಿನ ಖಾನೆಯಲ್ಲಿದೆ, ಡಬ್ಬಿಯ ಸಮೇತ. ಡಬ್ಬಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ನಿಖರತೆ ±2% ಎಂದು ಅಚ್ಚಾಗಿದೆ. ಯಾರ ಬೆರಳಿನಲ್ಲಿ ಎಂದು ಬರೆದಿಲ್ಲ.